ರಾಜನ ಹಾಡಿನ ಪುಸ್ತಕಕ್ಕೆ ಬೈಂಡ್ ಹಾಕಿದ ಅಕ್ಕ

ಮೊನ್ನೆ ಮಗಳು ನನ್ನನ್ನು ಇಲ್ಲೇ ದೋಹಾದಲ್ಲಿ ಹಳೆಯ ಪುಸ್ತಕಗಳ ಒಂದು ಪ್ರದರ್ಶನಕ್ಕೆ ಕರೆದುಕೊಂಡು ಹೋಗಿದ್ದಳು. ಒಳಗೆ ಮೈ ನಡುಗುವಷ್ಟು ಎಸಿ, ಮಂದ ಬೆಳಕು. ಎಲ್ಲರೂ ಆಸ್ಪತ್ರೆಗೆ ಬಂದವರ ಹಾಗೆ ಪಿಸುಗುಟ್ಟುತ್ತಿದ್ದರು. ಒಂದು ಗಾಜಿನ ಪೆಟ್ಟಿಗೆಯ ಮುಂದೆ ನನ್ನ ಕಾಲು ತಾನಾಗಿ ನಿಂತಿತು. ಒಳಗೆ ತೆರೆದಿಟ್ಟಿದ್ದದ್ದು ಯುರೋಪಿನ ಒಂದು ಹಾಡಿನ ಪುಸ್ತಕ. ನೂರಾರು ವರ್ಷಗಳ ಹಿಂದೆ ಕೈಯಲ್ಲಿ ಬರೆದದ್ದು, ಆಮೇಲೆ ಒಬ್ಬ ರಾಜನ ಪುಸ್ತಕಭಂಡಾರ ಸೇರಿದ್ದು ಎಂದು ಪಕ್ಕದ ಫಲಕದಲ್ಲಿತ್ತು. ಚಿನ್ನದ ಅಕ್ಷರ, ಅಂಚಿನಲ್ಲಿ ನೀಲಿ ಬಳ್ಳಿ. ಹಾಡಿನ ಸಾಲುಗಳ ಮೇಲೆ ಕೆಂಪು ಗೆರೆಗಳು, ಆ ಗೆರೆಗಳ ಮೇಲೆ ಏನೂ ಇಲ್ಲ.

ಮಗಳು "ಸೋ ಬ್ಯೂಟಿಫುಲ್ ಅಲ್ವಾ ಅಮ್ಮ" ಎಂದಳು. ನಾನು ಹೂಂ ಎಂದೆ. ನನ್ನ ಮೂಗಿಗೆ ಮಾತ್ರ ಅರಿಶಿನದ ವಾಸನೆ ಬಂದಿತ್ತು. ಅರಿಶಿನ ಮತ್ತು ಹೊಸ ಬ್ರೌನ್ ಪೇಪರು... ಆ ಗಾಜಿನೊಳಗಿಂದ ಅಂಥ ವಾಸನೆ ಬರಲು ಸಾಧ್ಯವೇ ಇಲ್ಲ. ಅದು ಅಕ್ಕನ ವಾಸನೆ. ಅವರು ಈ ಊರು ಬಿಟ್ಟು ಎಷ್ಟೋ ವರ್ಷಗಳಾದವು.

ತೊಂಬತ್ತರ ದಶಕದ ನಡುವಿನ ಮಾತು. ನಾನು ಮದುವೆಯಾದ ಹೊಸತು. ನಮ್ಮವರು ದೋಹಾದಿಂದ ದೂರ, ರಾಸ್ ಲಫಾನಿನ ಬಂದರು ಕಟ್ಟುವ ಕೆಲಸದಲ್ಲಿದ್ದರು. ವಾರವಿಡೀ ಹತ್ತಿರದ ಅಲ್ ಖೋರ್‌ನ ಕಂಪನಿ ಕ್ವಾರ್ಟರ್ಸ್, ಶುಕ್ರವಾರ ರಜೆ, ಗುರುವಾರ ಸಂಜೆ ಬಸ್ಸು ಹತ್ತಿ ಮನೆಗೆ. ಅವರ ಗ್ರೇಡಿಗೆ ಹೆಂಡತಿಯನ್ನು ಕರೆಸಿಕೊಳ್ಳುವ ವೀಸಾ ಸಿಗುತ್ತಿರಲಿಲ್ಲ. ಹಾಗಾಗಿ ನಾನು ಬಂದದ್ದು ನನ್ನದೇ ಕೆಲಸದ ವೀಸಾದಲ್ಲಿ, ಒಂದು ಇಂಜಿನಿಯರಿಂಗ್ ಆಫೀಸಿಗೆ ಟೈಪಿಸ್ಟ್ ಆಗಿ. ಉಡುಪಿಯ ಹತ್ತಿರದ ಹುಡುಗಿ, ಟೈಪಿಂಗ್ ಸೀನಿಯರ್ ಪಾಸು, ಇಂಗ್ಲಿಷು ಅಷ್ಟಕ್ಕಷ್ಟೆ. ಮೊದಲ ಮೂರು ತಿಂಗಳು ಪ್ರೊಬೇಷನ್. ಅದರಲ್ಲಿ ಪಾಸಾದರೆ ಇಬ್ಬರೂ ಒಂದೇ ದೇಶದಲ್ಲಿ, ಫೇಲಾದರೆ ವೀಸಾ ಕ್ಯಾನ್ಸಲ್, ನಾನು ಊರಿಗೆ, ಅವರು ಇಲ್ಲಿಯೇ. ನನ್ನ ಸಂಸಾರ ನಿಂತದ್ದು ಆ ಟೈಪ್‌ರೈಟರಿನ ಮೇಲೆ ಎಂದರೆ ತಪ್ಪಿಲ್ಲ.

ಓಲ್ಡ್ ಏರ್‌ಪೋರ್ಟ್ ಕಡೆ ಒಂದು ಹಳೆಯ ವಿಲ್ಲಾವನ್ನು ನಾಲ್ಕು ಪಾಲು ಮಾಡಿ ಬಾಡಿಗೆಗೆ ಕೊಟ್ಟಿದ್ದರು. ಒಂದು ಪಾಲಿನಲ್ಲಿ ನಾವು, ಗೋಡೆಯ ಆಚೆ ಅಕ್ಕ. ಬಾಗಲಕೋಟೆ ಕಡೆಯವರು, ಗಂಡ ಕ್ರೇನ್ ಆಪರೇಟರ್ ಆಗಿದ್ದವರು ಒಂದೆರಡು ವರ್ಷದ ಹಿಂದೆ ಫೋರ್‌ಮನ್ ಆಗಿದ್ದರು. ಆಮೇಲೆಯೇ ಅಕ್ಕ ಇಲ್ಲಿಗೆ ಬಂದದ್ದು. ನನಗಿಂತ ಹದಿನೈದು ವರ್ಷ ದೊಡ್ಡವರಿರಬೇಕು. ವಿಲ್ಲಾದಲ್ಲಿ ಎಲ್ಲರೂ ಅಕ್ಕ ಎನ್ನುತ್ತಿದ್ದರು, ಹಾಲು ತರುವ ಪಠಾಣನೂ ಅಕ್ಕಾ ಎಂದೇ ಕೂಗುತ್ತಿದ್ದ. ನಮ್ಮ ಮನೆಮಾತು ತುಳು. ಅವರ ಕನ್ನಡ ನನಗೆ ಮೊದಮೊದಲು ಅರ್ಧ ತಿಳಿಯುತ್ತಿರಲಿಲ್ಲ, ನನ್ನ ಕನ್ನಡ ಕೇಳಿದರೆ ಅವರಿಗೆ ನಗು. "ಏನವಾ ತಂಗಿ, ಪುಸ್ತಕ ಓದಿದಂಗ ಮಾತಾಡ್ತಿಯಲ್ಲ" ಎನ್ನುತ್ತಿದ್ದರು. ನಾನು ಮಾತಿಗೊಮ್ಮೆ "ಎಂತ" ಎಂದರೆ, "ಎಂತ ಎಂತ ಅಂತೀ, ಎಂತಾದೂ ಇಲ್ಲ, ಬಾ ಊಟ ಮಾಡು" ಎಂದು ತಟ್ಟೆಗೆ ರೊಟ್ಟಿ ಹಾಕುತ್ತಿದ್ದರು. ಆ ರೊಟ್ಟಿ ಇಲ್ಲದಿದ್ದರೆ ನಾನು ಆ ಮೊದಲ ಬೇಸಿಗೆ ಕಳೆಯುತ್ತಿರಲಿಲ್ಲ.

ಅಕ್ಕನಿಗೆ ದೊಡ್ಡ ಹೆಸರಿದ್ದದ್ದು ಬೈಂಡ್ ಹಾಕುವುದರಲ್ಲಿ. ಏಪ್ರಿಲ್ ತಿಂಗಳಲ್ಲಿ ಇಂಡಿಯನ್ ಸ್ಕೂಲುಗಳು ಶುರುವಾದವೆಂದರೆ ಸುತ್ತಲಿನ ನಾಲ್ಕು ವಿಲ್ಲಾದ ಮಕ್ಕಳ ಪುಸ್ತಕವೆಲ್ಲ ಅಕ್ಕನ ಹಾಲಿನಲ್ಲಿ. ನೆಲದ ಮೇಲೆ ಬ್ರೌನ್ ಪೇಪರಿನ ಸುರುಳಿ ಬಿಚ್ಚಿ, ಕತ್ತರಿ ಹಿಡಿದು ಕೂತರೆ ಮುಗಿಯಿತು. ಗೋಂದಿಲ್ಲ, ಟೇಪಿಲ್ಲ, ಬರೀ ಮಡಿಕೆಯಲ್ಲೇ ಪೇಪರು ಪುಸ್ತಕವನ್ನು ಕಚ್ಚಿ ಹಿಡಿಯಬೇಕು. "ಟೇಪ್ ಹಚ್ಚಿದ್ರ ಅದು ಬೈಂಡ್ ಅಲ್ಲ, ಗಾಯಕ್ಕ ಪಟ್ಟಿ ಕಟ್ಟಿದಂಗ" ಎನ್ನುವುದು ಅವರ ಸಿದ್ಧಾಂತ. ನನ್ನ ಆಫೀಸಿನ ಡೈರಿಗೂ ಒಂದು ಬೈಂಡ್ ಹಾಕಿಕೊಟ್ಟಿದ್ದರು. ಎಲ್ಲ ಅನಾಹುತಕ್ಕೂ ಅದೇ ಮೂಲ.

ನಮ್ಮ ಆಫೀಸಿನ ದೊಡ್ಡ ಸಾಹೇಬರು ಫ್ರಾನ್ಸ್ ದೇಶದವರು. ಒಂಟಿ ಮನುಷ್ಯ, ಮಾತು ಕಡಿಮೆ. ಡ್ರಾಯಿಂಗುಗಳ ನಡುವೆ ಮೇಜಿನ ಮೇಲೆ ಹಳೆಯ ಹಾಡುಗಳ ಮೇಲಿನ ಪುಸ್ತಕಗಳು ಬಿದ್ದಿರುತ್ತಿದ್ದವು. ಒಂದು ದಿನ ನನ್ನ ಡೈರಿಯನ್ನು ಕೈಗೆತ್ತಿಕೊಂಡು, ಅದರ ಮೂಲೆಗಳನ್ನು ಬೆರಳಿನಿಂದ ಸವರಿ, ಇದನ್ನು ಯಾರು ಮಾಡಿದ್ದು ಎಂದು ಕೇಳಿದರು. ನಾನು ಜಂಬದಿಂದ ಹೇಳಿದೆ, ನಮ್ಮ ನೆರೆಮನೆಯವರು ಸರ್, ಅವರು ಬೈಂಡಿಂಗ್ ಮಾಡುತ್ತಾರೆ, ತುಂಬಾ ಚೆನ್ನಾಗಿ ಮಾಡುತ್ತಾರೆ, ನೂರಾರು ಪುಸ್ತಕ ಮಾಡಿದ್ದಾರೆ. ಸಾಹೇಬರ ಕಣ್ಣು ಅರಳಿತು. ದೋಹಾದಲ್ಲಿ ಬೈಂಡರ್ ಇದ್ದಾರೆಯೇ, ನಾನು ಒಂದು ವರ್ಷದಿಂದ ಹುಡುಕುತ್ತಿದ್ದೇನೆ ಎಂದರು. ನನಗೂ ಸಂತೋಷವೇ ಆಯಿತು. ಬೈಂಡ್ ಹಾಕುವವರು ಸಿಗದೆ ಒಂದು ವರ್ಷ ಹುಡುಕುವುದೇನು ಎಂದು ಒಂದು ಗಳಿಗೆ ಅನ್ನಿಸಿದ್ದು ಹೌದು. ಬಿಳಿಯರ ವಿಷಯ, ಇರಬಹುದು ಎಂದುಕೊಂಡೆ.

ಮರುದಿನ ಒಂದು ಪೆಟ್ಟಿಗೆ ತಂದು ನನ್ನ ಮೇಜಿನ ಮೇಲಿಟ್ಟರು. ಅದರೊಳಗಿತ್ತು ಮೊನ್ನೆ ಗಾಜಿನೊಳಗೆ ಕಂಡ ಅದೇ ರಾಜನ ಹಾಡಿನ ಪುಸ್ತಕ. ಮೂಲ ಪುಸ್ತಕವಲ್ಲ. ಅವರ ದೇಶದಲ್ಲಿ ಮೂಲದ ಹಾಗೆಯೇ, ಚಿನ್ನಕ್ಕೆ ಚಿನ್ನ, ಕಲೆಗೆ ಕಲೆ ಬರುವಂತೆ ಬಹಳ ಮುತುವರ್ಜಿಯಿಂದ ಮುದ್ರಿಸಿದ ಕೆಲವೇ ಪ್ರತಿಗಳಲ್ಲಿ ಒಂದು. ಹಾಳೆಗಳನ್ನು ಹೊಲಿದಿದ್ದರು, ಹೊರಗಿನ ರಟ್ಟು ಮಾತ್ರ ಇರಲಿಲ್ಲ. ಅದನ್ನು ಕೊಂಡವರು ತಮಗೆ ಬೇಕಾದ ಹಾಗೆ ಮಾಡಿಸಿಕೊಳ್ಳಬೇಕಂತೆ. ಈದ್ ಹಬ್ಬಕ್ಕೆ ಇದನ್ನು ಅರ್ಬಾಬರಿಗೆ ಕೊಡಬೇಕು ಎಂದರು ಸಾಹೇಬರು. ಅರ್ಬಾಬ್ ಎಂದರೆ ನಮ್ಮ ಕಂಪನಿಯ ಕತಾರಿ ಯಜಮಾನರು, ಹಳೆಯ ಪುಸ್ತಕವೆಂದರೆ ಜೀವ ಬಿಡುವವರು. ನಮ್ಮೆಲ್ಲರ ವೀಸಾಕ್ಕೆ ಸಹಿ ಹಾಕುವವರೂ ಅವರೇ. ಕೊನೆಗೆ ನಾನು ಏನೋ ಕೇಳಬೇಕಲ್ಲ ಎಂದು, ಈ ಕೆಂಪು ಗೆರೆಗಳು ಯಾಕೆ ಖಾಲಿ ಎಂದು ಕೇಳಿದೆ. ಹಾಡಿನ ರಾಗವನ್ನು ಗುರುತು ಹಾಕಲು ಗೆರೆ ಎಳೆದಿದ್ದರಂತೆ, ರಾಗ ಬರೆಯುವವನು ಬರಲೇ ಇಲ್ಲವಂತೆ. ಮಾತು ಉಳಿಯಿತು, ರಾಗ ಹೋಯಿತು ಎಂದು ಹೇಳಿ ಸಾಹೇಬರು ಕಿಟಕಿ ನೋಡುತ್ತಾ ನಿಂತರು.

ಶುಕ್ರವಾರ ಮಧ್ಯಾಹ್ನ ಊಟ ಮುಗಿಸಿ ಅಕ್ಕ ಕೈ ತೊಳೆದು, ಸೆರಗಿನಿಂದ ಒರೆಸಿ, ನೆಲದ ಮೇಲೆ ಬಿಳಿ ಪಂಚೆ ಹಾಸಿ ಪುಸ್ತಕ ಬಿಚ್ಚಿದರು. ನಮ್ಮವರೂ ಇದ್ದರು. ಖಾಲಿ ಕೆಂಪು ಗೆರೆಗಳ ಕಥೆಯನ್ನು ನಾನು ಹೇಳಿದೆ. ಒಂದೊಂದು ಪುಟದ ಮೊದಲ ಅಕ್ಷರವೇ ಒಂದು ಮನೆ, ಅದರೊಳಗೆ ಜನ. ಒಬ್ಬ ಪಿಟೀಲಿನಂಥದ್ದನ್ನು ಎದೆಗೊತ್ತಿ ಬಾರಿಸುತ್ತಿದ್ದಾನೆ, ಒಬ್ಬಳು ಕೈಮೇಲೆ ಹಕ್ಕಿ ಕೂರಿಸಿಕೊಂಡಿದ್ದಾಳೆ, ಅಂಚಿನ ಬಳ್ಳಿಯಲ್ಲಿ ಒಂದು ಮೊಲ ಬೇಟೆಗಾರನನ್ನೇ ಅಟ್ಟುತ್ತಿದೆ. ಅಕ್ಕ ಆ ಮೊಲ ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮೊದಲ ಪುಟದಲ್ಲಿ ರಾಜನ ಮುದ್ರೆ ಇತ್ತು. ಅದನ್ನು ನೋಡಿದ ಮೇಲೆ ಗಂಭೀರರಾದರು.

"ರಾಜನ ಮನಿ ಪುಸ್ತಕಕ್ಕ ಒಂದ ಪದರ ಪೇಪರ್ ಸಾಕಾಗತೈತೇನು? ಎರಡ ಪದರ ಹಾಕೂಣು."

ರಟ್ಟು ಬೇಕಲ್ಲ. ನಮ್ಮವರ ಹೊಸ ಶರ್ಟಿನ ಡಬ್ಬಿ ಕತ್ತರಿಸಿ ಎರಡು ರಟ್ಟು ಮಾಡಿದರು. ಅದಕ್ಕೆ ಎರಡು ಪದರ ಬ್ರೌನ್ ಪೇಪರು, ಮಡಿಕೆ ಮೇಲೆ ಮಡಿಕೆ, ಚಾಕುವಿನ ಹಾಗೆ ಚೂಪು ಮೂಲೆ. ಆಮೇಲೆ ಮಕ್ಕಳ ಡಬ್ಬದಿಂದ ಎರಡು ಗಿಳಿಗಳ ಚಿತ್ರವಿದ್ದ ಒಂದು ಲೇಬಲ್ ತೆಗೆದರು. ನೇಮ್, ಕ್ಲಾಸ್, ಸಬ್ಜೆಕ್ಟ್ ಎಂದು ಅಚ್ಚಾಗಿತ್ತು. ಅಕ್ಷರ ಚೆಂದ ಎಂದು ಬರೆಯುವ ಕೆಲಸ ನನಗೆ ಬಂತು. ಯಾರ ಹೆಸರು ಹಾಕುವುದು ಎಂದು ಚರ್ಚೆಯಾಗಿ, ಕೊನೆಗೆ ನೇಮ್ ಎನ್ನುವಲ್ಲಿ ಕಿಂಗ್ ಎಂದು ಬರೆದೆ. ಸಬ್ಜೆಕ್ಟ್, ಸಾಂಗ್ಸ್. ಕ್ಲಾಸು ಖಾಲಿ ಬಿಟ್ಟೆವು, ರಾಜ ಯಾವ ಕ್ಲಾಸೆಂದು ಯಾರಿಗೆ ಗೊತ್ತು? ಅಕ್ಕ ಬೈಂಡಿನ ನಾಲ್ಕು ಮೂಲೆಗೆ ಅರಿಶಿನ ಹಚ್ಚಿ, ನಡುವೆ ಕುಂಕುಮವಿಟ್ಟು, ಪುಸ್ತಕವನ್ನು ದೇವರ ಮುಂದಿಟ್ಟು ಊದುಬತ್ತಿ ಬೆಳಗಿದರು. ನಮ್ಮವರು "ಫಸ್ಟ್ ಕ್ಲಾಸ್" ಎಂದು ಸರ್ಟಿಫಿಕೇಟ್ ಕೊಟ್ಟರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಮೂರು ಜನ ಒಂದೇ ಕೋಣೆಯಲ್ಲಿ ಸೇರಿದ್ದೆವು.

ಶನಿವಾರ ಬೆಳಗ್ಗೆ ಸಾಹೇಬರು ಪೆಟ್ಟಿಗೆ ತೆರೆದರು. ಪುಸ್ತಕವನ್ನು ಹೊರಗೆ ತೆಗೆದು ನೋಡಿದರು. ತಿರುಗಿಸಿ ಹಿಂದೆ ನೋಡಿದರು, ನಿಜವಾದ ಬೈಂಡಿಂಗು ಆ ಕಡೆ ಇರಬಹುದು ಎನ್ನುವ ಹಾಗೆ. ಈ ಹಳದಿ ಏನು ಎಂದು ಕೇಳಿದರು. ಅರಿಶಿನ ಸರ್ ಎಂದೆ. ಅವರು ಆ ಶಬ್ದವನ್ನು ತಾವೂ ಒಮ್ಮೆ ಹೇಳಿದರು. ಆಮೇಲೆ ಗಿಳಿಗಳ ಲೇಬಲ್ ಓದಿದರು. ಮುಖ ಕೆಂಪಾಯಿತು. ಹೋಗುವಾಗ ಬಾಗಿಲು ಹಾಕಿಕೊಂಡು ಹೋಗು ಎಂದರು, ಅಷ್ಟೇ.

ಹೊರಗೆ ಬಂದರೆ ನಮ್ಮ ಮಲಯಾಳಿ ಅಕೌಂಟೆಂಟರು ವಿಷಯ ಕೇಳಿ ಹಣೆ ಹಣೆ ಚಚ್ಚಿಕೊಂಡರು. ಬೈಂಡಿಂಗ್ ಎಂದರೆ ಚರ್ಮದ ಬೈಂಡಿಂಗ್, ಚಿನ್ನದ ಅಚ್ಚು, ಅದಕ್ಕೆಂದೇ ಕಲಿತ ಜನ ಇರುತ್ತಾರೆ ಎಂದು ನನಗೆ ಆಗ ತಿಳಿಯಿತು. "ಸ್ಕೂಲ್ ಪುಸ್ತಕಕ್ಕೆ ಹಾಕಿದ ಹಾಗೆ ಹಾಕಿಬಿಟ್ಯಾ ಮೋಳೆ? ಖಲಾಸ್!" ಎಂದರು. ಮೋಳೆ ಎಂದರೆ ಮಗಳು, ಖಲಾಸ್ ಎಂದರೆ ಮುಗಿಯಿತು. ಪ್ರೊಬೇಷನ್ ಮುಗಿಯಲು ಇನ್ನೂ ಕೆಲವು ವಾರಗಳಿದ್ದವು. ಸಂಜೆ ಅಲ್ ಖೋರ್‌ಗೆ ಫೋನ್ ಮಾಡಿದೆ. ನಮ್ಮವರು "ಎಂತ ಆಗುದಿಲ್ಲ, ನೀನು ಹೆದರ್ಬೇಡ" ಎಂದರು. ಅವರ ಸ್ವರದಲ್ಲೇ ಹೆದರಿಕೆ ಇತ್ತು.

ಅಕ್ಕನಿಗೆ ಹೇಳುವುದೋ ಬೇಡವೋ ಎಂದುಕೊಂಡೇ ಅವರ ಬಾಗಿಲು ತಟ್ಟಿದೆ. ಹೇಳಿಬಿಟ್ಟೆ. ಅವರು ರೊಟ್ಟಿ ಬಡಿಯುವುದನ್ನು ಮುಗಿಸಿದರು. ಕೈ ತೊಳೆದು ಬಂದು, "ಬೈಂಡ್ ಹಾಕಿದಾಕಿ ನಾನು. ಬೈಸ್ಕೊಳ್ಳೂದೂ ನಾನ ಬೈಸ್ಕೋತೀನಿ. ನಾಳೆ ಬರ್ತೀನಿ ನಿನ್ನ ಆಫೀಸಿಗೆ" ಎಂದರು. ನಾನು ಬೇಡವೇ ಬೇಡ ಎಂದೆ. ಅವರಿಗೆ ಇಂಗ್ಲಿಷು ಬಾರದು, ಗಂಡನಿಲ್ಲದೆ ಮೂಲೆಯ ದಿನಸಿ ಅಂಗಡಿ ಕೋಲ್ಡ್ ಸ್ಟೋರಿನ ಆಚೆ ಒಬ್ಬರೇ ಕಾಲಿಟ್ಟವರಲ್ಲ. ಯಾರು ಕೇಳಬೇಕು?

ಬೆಳಗ್ಗೆ ಗೇಟಿನ ಹತ್ತಿರ ನನಗಿಂತ ಮೊದಲೇ ನಿಂತಿದ್ದರು. ಮದುವೆ ಮನೆಗೆ ಉಡುವ ಸೀರೆ, ದೊಡ್ಡ ಕುಂಕುಮ. ಟ್ಯಾಕ್ಸಿಯಲ್ಲಿ ಕೂತ ಮೇಲೆ ಕಿಟಕಿಯ ಕಡೆ ಮುಖ ಮಾಡಿ ಹೇಳಿದರು.

"ಮದುವಿ ಆದಮ್ಯಾಲ ಹತ್ತ-ಹನ್ನೊಂದ ವರ್ಷ ನಾ ಅಲ್ಲೆ, ಅವರು ಇಲ್ಲೆ. ಎರಡ ವರ್ಷಕ್ಕೊಮ್ಮೆ ಬರ್ತಿದ್ರು. ಒಂದ ಸಲ ಅವರು ಬಾಗಲಾಗ ಬಂದ ನಿಂತ್ರ, ನನ್ನ ಹಿರೇ ಮಗ ಒಳಗ ಓಡಿ ಬಂದು 'ಅವ್ವಾ, ಯಾರೋ ಕಾಕಾ ಬಂದಾನ' ಅಂದ. ಅಪ್ಪಗ ಕಾಕಾ ಅಂದ ತಂಗಿ... ಫೋನಿನ್ಯಾಗ ಸಂಸಾರ ಮಾಡೂದು ಅಂದ್ರ ಏನಂತ ನನಗ ಗೊತ್ತೈತಿ. ಅದು ನಿನಗ ಬ್ಯಾಡ."

ಅವರ ಕೈ ಹಿಡಿದುಕೊಂಡೆ. ಅಲ್ಲಿಯವರೆಗೆ ಅಕ್ಕ ಎಂದರೆ ನಗು, ರೊಟ್ಟಿ, ಬ್ರೌನ್ ಪೇಪರು ಎಂದಷ್ಟೇ ತಿಳಿದಿದ್ದೆ.

ಸಾಹೇಬರ ಕೋಣೆಗೆ ಹೋದಾಗ ಪುಸ್ತಕ ಮೇಜಿನ ಮೇಲೆ ಹಾಗೆಯೇ ಇತ್ತು. ಅಕ್ಕನ ಸೀರೆ, ಕುಂಕುಮ ನೋಡಿ ಸಾಹೇಬರು ಎದ್ದು ನಿಂತರು. ಅಕ್ಕ ತಮ್ಮ ಹಿಂದಿಯಲ್ಲಿ ಶುರು ಮಾಡಿದರು, "ಸಾಬ್, ಗಲತಿ ಮೇರಾ ಹೈ." ಹಿಂದಿ ಅಲ್ಲಿಗೆ ಮುಗಿಯಿತು. ಉಳಿದದ್ದು ಕನ್ನಡದಲ್ಲಿ. ಈ ಹುಡುಗಿಗೆ ಏನೂ ತಿಳಿಯದು, ಹೇಳಿದ್ದನ್ನು ನಾನೇ ತಪ್ಪಾಗಿ ಮಾಡಿದೆ, ಹೊಸದಾಗಿ ಲಗ್ನ ಆಗಿದೆ, ಇವಳನ್ನು ಊರಿಗೆ ಕಳಿಸಬೇಡಿ, ಗಂಡ ಹೆಂಡತಿ ಒಂದು ಕಡೆ ಇರಲಿ ಎಂದು ಒಂದೇ ಉಸಿರಿನಲ್ಲಿ ಹೇಳಿ, ಹೇಳು ಅವರಿಗೆ ಎಂದು ನನ್ನ ಕಡೆ ತಿರುಗಿದರು. ನನ್ನದೇ ವಿಷಯವನ್ನು ನಾನೇ ಇಂಗ್ಲಿಷಿನಲ್ಲಿ ಹೇಗೆ ಹೇಳಲಿ? "ಷಿ ಈಸ್ ಸಾರಿ ಸರ್" ಎಂದೆ.

ಅಕ್ಕ ನನ್ನನ್ನು ದುರುಗುಟ್ಟಿ ನೋಡಿದರು. "ಅಷ್ಟುದ್ದ ಹೇಳೀನಿ, ಇಷ್ಟ ಹೇಳಿದೇನು?"

ಆಮೇಲೆ ನನ್ನನ್ನು ಬಿಟ್ಟು ತಾವೇ ಮೇಜಿನ ಹತ್ತಿರ ಹೋದರು. ಸಾಹೇಬರ ಮುಖ ನೋಡಿ ಅಪ್ಪಣೆ ಕೇಳಿದ ಹಾಗೆ ಮಾಡಿ, ಬೈಂಡನ್ನು ಎರಡೂ ಕಡೆ ಮೆಲ್ಲಗೆ ಸಡಿಲಿಸಿ, ಮಗುವಿನ ಅಂಗಿ ಬಿಚ್ಚಿದಂತೆ ಹೊರಗೆ ತೆಗೆದರು. ಪುಸ್ತಕ ಬಂದ ಹಾಗೆಯೇ ಇತ್ತು. ಒಂದು ಹನಿ ಗೋಂದಿಲ್ಲ, ಒಂದು ಗೀರಿಲ್ಲ, ಅರಿಶಿನ ಒಳಗೆ ಇಳಿದಿರಲಿಲ್ಲ. ಎರಡು ಪದರ ಹಾಕಿದ್ದು ಸಾರ್ಥಕವಾಯಿತು. ಸಾಹೇಬರು ಕನ್ನಡಕ ಹಾಕಿಕೊಂಡು ಬೆನ್ನಿನ ಹೊಲಿಗೆ, ಅಂಚು ಎಲ್ಲ ನೋಡಿದರು. ದೊಡ್ಡ ಉಸಿರು ಬಿಟ್ಟು ಕುರ್ಚಿಯಲ್ಲಿ ಕೂತರು. ನಿನ್ನೆಯಿಂದ ಅದನ್ನು ಬಿಚ್ಚಿ ನೋಡಲು ಅವರಿಗೆ ಧೈರ್ಯವೇ ಬಂದಿರಲಿಲ್ಲವಂತೆ.

ಅಷ್ಟಕ್ಕೆ ನಾವು ಹೊರಟು ಬರಬಹುದಿತ್ತು. ಅಕ್ಕ ಹೊರಡಲಿಲ್ಲ. ತೆರೆದ ಪುಟದ ಕೆಂಪು ಗೆರೆಗಳ ಮೇಲೆ, ಮುಟ್ಟದೆ, ಬೆರಳು ಆಡಿಸಿ ಕೇಳಿದರು, "ಇದರ ಧಾಟಿ ಸಿಕ್ಕಿಲ್ಲಂತ, ಖರೇ ಏನು? ಹಂಗಾದ್ರ ಇದನ್ನ ಹೆಂಗ ಹಾಡ್ತಾರ ಕೇಳು."

ಇದನ್ನು ನಾನು ಸರಿಯಾಗಿ ಹೇಳಿದೆ. ಸಾಹೇಬರು ಬೆರಗಾಗಿ ನೋಡಿದರು. ಆ ಆಫೀಸಿನಲ್ಲಿ ಸಿಮೆಂಟು, ಕಬ್ಬಿಣ, ಡ್ರಾಯಿಂಗು ಬಿಟ್ಟು ಅವರನ್ನು ಬೇರೆ ಏನನ್ನಾದರೂ ಆಸೆಯಿಂದ ಕೇಳಿದವರು ಇರಲಿಲ್ಲ. ನಾನು ಕೇಳಿದ್ದೂ ಕೇಳಬೇಕಲ್ಲ ಎಂದು. ಅವರು ಮಾತಾಡತೊಡಗಿದರು. ನಿಲ್ಲಲೇ ಇಲ್ಲ. ಕೈಯಾಡಿಸಿ, ಪುಟ ತಿರುಗಿಸಿ, ಇಂಗ್ಲಿಷಿನ ನಡುವೆ ಅವರ ಭಾಷೆಯನ್ನೂ ಸೇರಿಸಿ... ಅಕ್ಕ ಒಂದಕ್ಷರ ತಿಳಿಯದಿದ್ದರೂ ಕಥೆ ಕೇಳುವವರ ಹಾಗೆ ಹೂಂ ಹೂಂ ಎಂದು ಹೂಂಗುಟ್ಟುತ್ತಿದ್ದರು. ಕೆಲವು ಹಾಡಿನ ಅಳತೆ ಇನ್ನೊಂದು ಹಾಡಿಗೆ ಸರಿಹೊಂದುತ್ತದೆ, ಆ ಇನ್ನೊಂದರ ರಾಗ ಬೇರೆ ಪುಸ್ತಕದಲ್ಲಿ ಸಿಕ್ಕಿದೆ, ಅದನ್ನು ಇದಕ್ಕೆ ಹಾಕಿ ಹಾಡುತ್ತಾರೆ ಎಂದು ಹೇಳಿ ಸಾಹೇಬರು ಕಣ್ಣು ಮುಚ್ಚಿ ಎರಡು ಸಾಲು ಹಾಡಿಯೇಬಿಟ್ಟರು. ಸ್ವರ ಒಡಕು. ನನಗೆ ನಾಚಿಕೆಯಾಗಿ ನೆಲ ನೋಡಿದೆ.

ಅಕ್ಕ ತೊಡೆ ತಟ್ಟಿದರು. "ಹಂಗ ಹೇಳ್ರಿ ಮತ್ತ! ಒಂದರ ಧಾಟಿ ಇನ್ನೊಂದಕ್ಕ. ನಮ್ಮ ಭಜನಿ ಪುಸ್ತಕದಾಗೂ ಹಾಡಿನ ಮ್ಯಾಲ ಇಂಥಾ ಹಾಡಿನ ಧಾಟಿ ಅಂತಷ್ಟ ಬರದಿರತೈತಿ. ಗೊತ್ತಿದ್ದವರು ಹಾಡಬೇಕು, ಕೇಳಿದವರು ಕಲೀಬೇಕು."

ಹೇಳಿದ್ದಕ್ಕೆ ಸಾಕ್ಷಿಯಾಗಿ, ಸಾಹೇಬರ ಆ ಎರಡು ಸಾಲನ್ನು ತಮ್ಮೂರಿನ ಒಂದು ಭಜನೆಯ ಧಾಟಿಗೆ ಹೊಂದಿಸಲು ನೋಡಿದರು. ಹೊಂದಲಿಲ್ಲ. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಹರಿಯುತ್ತಿತ್ತು. ಆ ಭಾಷೆ ಅಕ್ಕನ ನಾಲಿಗೆಯಲ್ಲಿ ಹೊರಳಲೇ ಇಲ್ಲ. "ಇದು ನಮ್ಮ ಕಡಿ ಕೂಸಲ್ಲ ಬಿಡ್ರಿ" ಎಂದು ಕೈಬಿಟ್ಟರು. ಸಾಹೇಬರು ನಗುವುದನ್ನು ನಾನು ಮೊದಲ ಸಲ ನೋಡಿದೆ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ಗಾಜಿನ ಆಚೆ ನಿಂತಿದ್ದ ಅಕೌಂಟೆಂಟರು ಒಳಗೆ ಏನಾಗುತ್ತಿದೆ ಎಂದು ತಿಳಿಯದೆ ಚಹಾ ಕಳಿಸಿದರು. ಆಫೀಸ್ ಡ್ರೈವರ್ ಅಕ್ಕನನ್ನು ಮನೆಗೆ ಬಿಟ್ಟುಬಂದ.

ಅರ್ಬಾಬರಿಗೆ ಆ ಈದ್‌ಗೆ ಒಳ್ಳೆಯ ಖರ್ಜೂರದ ಪೆಟ್ಟಿಗೆ ಹೋಯಿತು. ಪುಸ್ತಕವನ್ನು ಸಾಹೇಬರು ರಜೆಯಲ್ಲಿ ತಮ್ಮ ದೇಶಕ್ಕೆ ಒಯ್ದು ಚರ್ಮದ ಹೊದಿಕೆ ಮಾಡಿಸಿ ತಂದು ಮುಂದಿನ ವರ್ಷ ಕೊಟ್ಟರು. ನನ್ನ ಪ್ರೊಬೇಷನ್ ಕಾಗದಕ್ಕೆ ಸಹಿ ಬಿತ್ತು. ಅಕೌಂಟೆಂಟರು ತಮ್ಮ ನಿವೃತ್ತಿಯ ದಿನ ನನಗೊಂದು ಮಾತು ಹೇಳಿದರು. ಅಕ್ಕ ಬಂದ ದಿನ ಬೆಳಗ್ಗೆಯೇ ಬೇರೆ ಟೈಪಿಸ್ಟ್ ನೋಡಿ ಎಂದು ಸಾಹೇಬರು ಅವರಿಗೆ ಹೇಳಿದ್ದರಂತೆ, ಮಧ್ಯಾಹ್ನ ಕರೆದು ಬೇಡ ಎಂದರಂತೆ. ಅದನ್ನು ಕೇಳಿದಾಗ ಅಕ್ಕ ಇಲ್ಲಿರಲಿಲ್ಲ.

ಆ ದಶಕ ಮುಗಿಯುವ ಹೊತ್ತಿಗೆ ಅವರ ಯಜಮಾನರ ಪ್ರಾಜೆಕ್ಟು ಮುಗಿದು ಊರಿಗೆ ಹೊರಟಿದ್ದರು. ಏರ್‌ಪೋರ್ಟಿನಲ್ಲಿ ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು, ಹುಟ್ಟುವ ಕೂಸಿಗೆ ಅಪ್ಪನ ಮುಖ ದಿನಾ ಕಾಣಲಿ ಎಂದರು. ಆ ವರ್ಷವೇ ನಮ್ಮವರಿಗೆ ದೋಹಾದ ಆಫೀಸಿಗೆ ವರ್ಗವಾಯಿತು, ಅಕ್ಕನ ಬಾಯಿಯ ಹರಕೆ ಎಂದೇ ನಾನು ನಂಬಿದ್ದೇನೆ. ಕೆಲವು ವರ್ಷ ಪತ್ರ ಬಂತು, ಹಬ್ಬಕ್ಕೆ ಫೋನು ಬಂತು. ಆಮೇಲೆ ಅವರ ನಂಬರು ಬದಲಾಯಿತು, ನಮ್ಮ ಮನೆಯೂ ಬದಲಾಯಿತು... ಇಲ್ಲಿನ ಒಂದು ರಾಜ್ಯೋತ್ಸವದ ಊಟದಲ್ಲಿ ಪಕ್ಕ ಕೂತ ಬಾಗಲಕೋಟೆಯ ಹುಡುಗ ಅವರ ಓಣಿಯವನೇ ಎಂದು ತಿಳಿದು ಆಸೆಯಿಂದ ವಿಚಾರಿಸಿದೆ. "ಅವರು ತೀರಿಕೊಂಡ ಭಾಳ ವರ್ಷ ಆತಲ್ರಿ" ಎಂದ. ಎಲೆಯ ಮುಂದೆ ಕೂತಿದ್ದೆ. ಊಟ ಸೇರಲಿಲ್ಲ.

ಪ್ರದರ್ಶನದಿಂದ ಮನೆಗೆ ಬಂದು ಮಗಳಿಗೆ ಇದೆಲ್ಲ ಹೇಳಿದೆ. ಅವಳಿಗೆ ಗಿಳಿಗಳ ಲೇಬಲ್ಲೇ ದೊಡ್ಡ ತಮಾಷೆ, ಬಿದ್ದು ಬಿದ್ದು ನಕ್ಕಳು. ನಕ್ಕು ಮುಗಿದ ಮೇಲೆ, "ನೀವು ಅವರಿಗೆ ಥ್ಯಾಂಕ್ಸ್ ಹೇಳಿದ್ರಾ ಅಮ್ಮ?" ಎಂದು ಕೇಳಿದಳು. ಅಕ್ಕನಿಗೆ ಥ್ಯಾಂಕ್ಸ್ ಹೇಳಿದ್ದರೆ ಬೆನ್ನ ಮೇಲೆ ಒಂದು ಗುದ್ದು ಬೀಳುತ್ತಿ‌ತ್ತು ಎಂದೆ. ನಮ್ಮಲ್ಲಿ ಆ ಮಾತು ಎಲ್ಲಿತ್ತು? ಈಗ ಹೇಳೋಣವೆಂದರೆ ಗುದ್ದುವ ಕೈಯೇ ಇಲ್ಲ.

ಅಷ್ಟರಲ್ಲಿ ಒಳಕೋಣೆಯಿಂದ ನಮ್ಮವರು ಕೂಗಿದರು, "ಚಾ ಉಂಟಾ ಮಾರಾಯ್ತಿ, ಇಲ್ಲ ನಾನೇ ಮಾಡುದಾ?" ದಿನಾ ಕೇಳುವ ಕೂಗು. ಕೇಳಿ ಕೇಳಿ ಎಷ್ಟೋ ಸಲ ರೇಗಿದ್ದೇನೆ. ಅವತ್ತು ಉತ್ತರ ಕೊಡದೆ ಕೂತೆ, ಅವರು ಇನ್ನೊಮ್ಮೆ ಕೂಗಲಿ ಎಂದು.